ಎಪ್ಪತ್ತು ಸಾವಿರದ ಗೇಮಿಂಗ್ ಲ್ಯಾಪ್‌ಟಾಪ್: ಸ್ಟಿಕರ್‌ ಮೇಲಿರದ ಲೆಕ್ಕ

ಸಿಇಟಿ ಸೀಟು ಹಂಚಿಕೆ ಮುಗಿದು ಎಂಜಿನಿಯರಿಂಗ್ ಕಾಲೇಜು ಶುರುವಾಗುವ ಹೊತ್ತಿಗೆ ಎಷ್ಟೋ ಮನೆಗಳಲ್ಲಿ ಒಂದು ಮಾತು ಏಳುತ್ತದೆ: “ಕೋರ್ಸಿಗೆ ಗ್ರಾಫಿಕ್ಸ್ ಕಾರ್ಡ್ ಇರೋ ಲ್ಯಾಪ್‌ಟಾಪೇ ಬೇಕಂತೆ.” ಮಾತು ಪೂರ್ತಿ ಸುಳ್ಳಲ್ಲ. ಬ್ಲೆಂಡರ್‌ನಲ್ಲಿ ರೆಂಡರ್ ಮಾಡುವವರಿಗೆ, ಸಾಲಿಡ್‌ವರ್ಕ್ಸ್‌ನಲ್ಲಿ ದೊಡ್ಡ ಅಸೆಂಬ್ಲಿ ತಿರುಗಿಸಿ ನೋಡುವವರಿಗೆ, ಎನ್‌ವಿಡಿಯಾದ ಕುಡಾ ಬಳಸಿ ಮಷೀನ್ ಲರ್ನಿಂಗ್ ಕಲಿಯುವವರಿಗೆ ಕಾರ್ಡ್ ನಿಜಕ್ಕೂ ಕೆಲಸಕ್ಕೆ ಬರುತ್ತದೆ. ಮೊದಲ ವರ್ಷದ ಸಿ ಪ್ರೋಗ್ರಾಮಿಂಗ್‌ಗೆ ಮಾತ್ರ ಅದರ ಅಗತ್ಯ ಎಳ್ಳಷ್ಟೂ ಇಲ್ಲ. ಉಳಿದರ್ಧ ಕಾರಣದ ಹೆಸರು ವ್ಯಾಲೊರಂಟ್ ಅಥವಾ ಜಿಟಿಎ ಎಂಬುದು ಮಕ್ಕಳಿಗೂ ಗೊತ್ತು, ಅಪ್ಪ-ಅಮ್ಮನಿಗೂ ಗೊತ್ತು. ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಅಷ್ಟೆ.

ಹೇಳಿಬಿಟ್ಟರೆ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಏಕೆಂದರೆ ಯಾವ ಆಟ ಎಂಬುದು ಗೊತ್ತಾಗದೆ ಯಾವ ಲ್ಯಾಪ್‌ಟಾಪ್ ಎಂಬುದು ಗೊತ್ತಾಗುವುದಿಲ್ಲ. ಆಟದ ಉದ್ಯಮವನ್ನು ಕೀಳಾಗಿ ನೋಡಬೇಕಾದ್ದೂ ಇಲ್ಲ. ಧ್ರುವ ಇಂಟರ್‌ಆ್ಯಕ್ಟಿವ್ ಬೆಂಗಳೂರಿನಲ್ಲಿ ಗೇಮ್ ಸ್ಟುಡಿಯೊ ತೆರೆದದ್ದು 1997ರಲ್ಲಿ. ಜಿಟಿಎ ತಯಾರಿಸುವ ರಾಕ್‌ಸ್ಟಾರ್ ಅದನ್ನು 2019ರಲ್ಲಿ ಕೊಂಡು ಬೆಂಗಳೂರಿನ ತನ್ನ ಸ್ಟುಡಿಯೊ ಜೊತೆ ಸೇರಿಸಿಕೊಂಡಿತು.

ಮೊದಲು ಆಟಗಳನ್ನೇ ನೋಡೋಣ. ವ್ಯಾಲೊರಂಟ್ 2020ರಲ್ಲಿ ಬಂದಾಗ ಅದರ ಕನಿಷ್ಠ ಅಗತ್ಯಗಳ ಪಟ್ಟಿಯಲ್ಲಿ ಇಂಟೆಲ್ ಎಚ್‌ಡಿ 4000ದಂಥ ಓಬೀರಾಯನ ಕಾಲದ ಗ್ರಾಫಿಕ್ಸ್ ಇತ್ತು. ಬರೀ ಅದನ್ನೇ ಆಡುವವರು, ಜೊತೆಗೆ ಒಂದಿಷ್ಟು ಕೌಂಟರ್ ಸ್ಟ್ರೈಕ್ 2 ಆಡುವವರು, ಗೇಮಿಂಗ್ ಲ್ಯಾಪ್‌ಟಾಪ್ ಕೊಳ್ಳಬೇಕಾಗಿಯೇ ಇಲ್ಲ. ಎಎಂಡಿಯ ರೇಡಿಯಾನ್ 680ಎಂ ಅಥವಾ 780ಎಂ ಗ್ರಾಫಿಕ್ಸ್ ಪ್ರೊಸೆಸರ್‌ನೊಳಗೇ ಸೇರಿರುವ ತೆಳು ಲ್ಯಾಪ್‌ಟಾಪ್ ಸಾಕು. ಒಂದೂವರೆ ಕೆಜಿ ತೂಗುತ್ತದೆ, ತರಗತಿಯಲ್ಲಿ ಚಾರ್ಜರ್ ಇಲ್ಲದೆ ಅರ್ಧ ದಿನ ನಡೆಯುತ್ತದೆ. ಬಿಜಿಎಂಐ ಆಡುವವರಿಗಂತೂ ಅದೇ ದುಡ್ಡಿಗೆ ಒಳ್ಳೆಯ ಫೋನು ಬರುತ್ತದೆ. ಅದು ಫೋನಿನ ಆಟ, ಎಮ್ಯುಲೇಟರ್‌ನಲ್ಲಿ ಆಡುವುದನ್ನು ಕಂಪನಿ ಒಪ್ಪುವುದಿಲ್ಲ.

ಮತ್ತೊಂದು ಗುಂಪು ರೆಡ್ ಡೆಡ್ ರಿಡೆಂಪ್ಷನ್ 2, ಸೈಬರ್‌ಪಂಕ್ 2077, ಬ್ಲ್ಯಾಕ್ ಮಿತ್: ವುಕಾಂಗ್ ಎನ್ನುವವರದು. ಇವರಿಗೆ ಪ್ರತ್ಯೇಕ ಕಾರ್ಡ್ ಬೇಕೇ ಬೇಕು. ಮೂರನೆಯ ಗುಂಪು “ಜಿಟಿಎ 6 ಬರ್ತಿದೆಯಲ್ಲ, ಅದಕ್ಕೆ ಈಗಲೇ ತಗೊಂಡುಬಿಡೋಣ” ಎನ್ನುವವರದು. ಅವರು ಸ್ವಲ್ಪ ತಾಳಬೇಕು. ರಾಕ್‌ಸ್ಟಾರ್ ಪ್ರಕಟಿಸಿರುವ 2026ರ ನವೆಂಬರ್ 19 ಪಿಎಸ್5 ಮತ್ತು ಎಕ್ಸ್‌ಬಾಕ್ಸ್‌ಗೆ ಮಾತ್ರ ಸಂಬಂಧಿಸಿದ್ದು. ಹಿಂದಿನ ಜಿಟಿಎ 5 ಕನ್ಸೋಲ್‌ಗೆ 2013ರಲ್ಲಿ ಬಂದು ಪಿಸಿಗೆ ಬಂದದ್ದು 2015ರಲ್ಲಿ. ಬಾರದ ಆಟಕ್ಕಾಗಿ ಇವತ್ತೇ ಕಾರ್ಡ್ ಕೊಂಡರೆ ಆಟ ಬರುವ ಹೊತ್ತಿಗೆ ಕಾರ್ಡಿಗೆ ವಯಸ್ಸಾಗಿರುತ್ತದೆ.

ಇನ್ನು ಕಾರ್ಡುಗಳು. ಅರವತ್ತರಿಂದ ಎಂಬತ್ತು ಸಾವಿರದ ಆಸುಪಾಸಿನಲ್ಲಿ ಕಣ್ಣಿಗೆ ಬೀಳುವ ಹೆಸರುಗಳು ಎನ್‌ವಿಡಿಯಾದ ಆರ್‌ಟಿಎಕ್ಸ್ 2050, 3050, 4050. ರಿಯಾಯಿತಿಯ ದಿನಗಳಲ್ಲಿ, ಇನ್ನಷ್ಟು ಸೇರಿಸಿದರೆ, 4060 ಅಥವಾ 5050 ಕೈಗೆ ಎಟುಕುತ್ತವೆ. 4060 ಬಿಟ್ಟರೆ ಹೆಸರಿನ ಕೊನೆಯ 50 ಎಲ್ಲದರಲ್ಲೂ ಇದೆ, ಆದರೆ ಅವುಗಳ ನಡುವಿನ ಅಂತರ ಸಣ್ಣದಲ್ಲ. 2050ರಲ್ಲೂ 4 ಜಿಬಿಯ 3050ರಲ್ಲೂ ಕುಡಾ ಕೋರ್‌ಗಳು 2048, ಎರಡಕ್ಕೂ ಸಮ. ಆದರೆ 3050ರ ಮೆಮೊರಿ ಹಾದಿ 128 ಬಿಟ್ ಅಗಲವಿದ್ದರೆ 2050ರದು ಬರೀ 64. ದೊಡ್ಡ ಆಟ ಓಡಿಸಿದಾಗ 2050 ಏದುಸಿರು ಬಿಡುವುದು ಇಲ್ಲಿಯೇ. ಮುಂದೆ 2023ರಲ್ಲಿ 6 ಜಿಬಿಯ ಇನ್ನೊಂದು 3050 ಬಂತು, ಅದರಲ್ಲಿ ಕೋರ್‌ಗಳೂ ಹೆಚ್ಚು. ಹೆಸರು ಮಾತ್ರ ಅದೇ. “3050 ಇದೆ ಸರ್” ಎಂದರೆ “ಎಷ್ಟು ಜಿಬಿಯದು?” ಎಂದು ಕೇಳಲೇಬೇಕು.

ಈ ಜಿಬಿ ಕಾರ್ಡಿನ ಸ್ವಂತ ಮೆಮೊರಿ. ಲ್ಯಾಪ್‌ಟಾಪಿನ ರ‍್ಯಾಮ್ ಬೇರೆ, ಇದು ಬೇರೆ. ಗೋಡೆ, ಮರ, ಮುಖ, ಬಟ್ಟೆಗಳ ಚಿತ್ರಗಳೆಲ್ಲ ಇದರಲ್ಲಿ ಕೂರಬೇಕು. ಜಾಗ ಸಾಲದಿದ್ದರೆ ಅವು ರ‍್ಯಾಮ್‌ಗೂ ಕಾರ್ಡಿಗೂ ನಡುವೆ ಓಡಾಡತೊಡಗುತ್ತವೆ, ಆಟ ತಡವರಿಸುತ್ತದೆ. ಸರಾಸರಿ ಫ್ರೇಮ್ ಲೆಕ್ಕ ಚೆನ್ನಾಗಿಯೇ ಕಾಣುತ್ತಿರುತ್ತದೆ, ತಿರುವಿನಲ್ಲಿ ಮಾತ್ರ ಚಿತ್ರ ಗಕ್ಕನೆ ನಿಲ್ಲುತ್ತದೆ. 2024ರ ಡಿಸೆಂಬರ್‌ನಲ್ಲಿ ಬಂದ ‘ಇಂಡಿಯಾನಾ ಜೋನ್ಸ್ ಆ್ಯಂಡ್ ದ ಗ್ರೇಟ್ ಸರ್ಕಲ್’ ಮತ್ತು 2025ರ ಮೇ ತಿಂಗಳ ‘ಡೂಮ್: ದ ಡಾರ್ಕ್ ಏಜಸ್’ ರೇ ಟ್ರೇಸಿಂಗ್ ಬಲ್ಲ, 8 ಜಿಬಿ ಮೆಮೊರಿಯ ಕಾರ್ಡನ್ನೇ ಕನಿಷ್ಠ ಅಗತ್ಯವೆಂದು ಬರೆದುಕೊಂಡವು. ಮುಂದೆ ಬರುವ ದೊಡ್ಡ ಆಟಗಳೂ ಇದೇ ದಾರಿ ಹಿಡಿಯುವ ಸಾಧ್ಯತೆ ಹೆಚ್ಚು. ಹೀಗಿರುವಾಗ 4 ಜಿಬಿಯ ಕಾರ್ಡಿಗೆ ಹೊಸದಾಗಿ ಐವತ್ತೈದು ಸಾವಿರ ಸುರಿಯುವುದನ್ನು ನಾನಂತೂ ಯಾರಿಗೂ ಹೇಳಲಾರೆ. ಹಳೆಯ ಆಟಗಳಷ್ಟೇ ಸಾಕೆನ್ನುವವರಿಗೆ 6 ಜಿಬಿ ನಡೆಯುತ್ತದೆ. ನಾಲ್ಕು ವರ್ಷ ಎಳೆಯಬೇಕೆನ್ನುವವರು 8ಕ್ಕೆ ಹಂಬಲಿಸಬೇಕು.

ಇಷ್ಟು ತಿಳಿದರೂ ಅರ್ಧವೇ ತಿಳಿದಂತೆ. ಲ್ಯಾಪ್‌ಟಾಪ್ ಕಾರ್ಡುಗಳ ನಿಜವಾದ ಗುಟ್ಟು ವ್ಯಾಟ್‌ನಲ್ಲಿದೆ, ಸ್ಟಿಕರ್ ಮೇಲೆ ಇರದೇ ಇರುವುದು ಇದೇ. 4050 ಆಗಲಿ 4060 ಆಗಲಿ, ತಯಾರಕರು ಅದನ್ನು 35 ವ್ಯಾಟ್‌ನಿಂದ 115 ವ್ಯಾಟ್‌ವರೆಗೆ ತಮಗೆ ಬೇಕಾದ ಮಟ್ಟಕ್ಕೆ ಕಟ್ಟಿಹಾಕಬಹುದು. ಎಂಎಸ್‌ಐಯ ತೆಳ್ಳನೆಯ ಸೈಬೋರ್ಗ್ 15ರಲ್ಲಿ 4060 ಇದೆ, ಆದರೆ 45 ವ್ಯಾಟ್‌ನದು. ದಪ್ಪ ಮೈಯ ಬೇರೆ ಲ್ಯಾಪ್‌ಟಾಪುಗಳಲ್ಲಿ ಅದೇ 4060ಗೆ ನೂರರ ಮೇಲೆ ವ್ಯಾಟ್ ಸಿಗುತ್ತದೆ. ಐದು ಎಚ್‌ಪಿ ಪಂಪ್‌ಸೆಟ್ ಇಟ್ಟುಕೊಂಡು ವೋಲ್ಟೇಜ್ ಇಲ್ಲದ ಲೈನಿಗೆ ಕೊಟ್ಟಂತೆ: ಮೋಟರಿನ ಮೇಲಿನ ಹೆಸರೇನೋ ಸರಿಯೇ, ನೀರು ಮೇಲೆ ಬರಬೇಕಲ್ಲ. ಪೂರ್ಣ ವ್ಯಾಟ್ ಪಡೆದ 4050 ಒಂದು, ಉಸಿರು ಕಟ್ಟಿದ 4060 ಇನ್ನೊಂದು ಎದುರಿಗಿದ್ದರೆ ಹೆಸರು ನೋಡಿ ಎರಡನೆಯದಕ್ಕೆ ಹತ್ತು ಸಾವಿರ ಹೆಚ್ಚು ಕೊಡುವುದು ದಂಡ.

ಹಿಂದೆ ಕಡಿಮೆ ವ್ಯಾಟ್‌ನ ಕಾರ್ಡುಗಳಿಗೆ ಮ್ಯಾಕ್ಸ್-ಕ್ಯೂ ಎಂಬ ಗುರುತಿರುತ್ತಿತ್ತು, ನೋಡಿದ ಕೂಡಲೇ ತಿಳಿಯುತ್ತಿತ್ತು. 2021ರಲ್ಲಿ 30ರ ಸರಣಿ ಬಂದಾಗ ಆ ಗುರುತು ತನ್ನ ಹಳೆಯ ಅರ್ಥ ಕಳೆದುಕೊಂಡಿತು. ಈಗ ವ್ಯಾಟ್ ಸಂಖ್ಯೆಯನ್ನು ಟಿಜಿಪಿ ಎಂಬ ಹೆಸರಿನಲ್ಲಿ ತಯಾರಕರ ಸ್ವಂತ ಜಾಲತಾಣದಲ್ಲಿ ಹುಡುಕಬೇಕು. ಮಾರಾಟದ ಪುಟದಲ್ಲಿ ಅದು ಸಿಕ್ಕರೆ ಅದೃಷ್ಟ. ಅಂಗಡಿಯಲ್ಲಿದ್ದರೆ ಎನ್‌ವಿಡಿಯಾ ಕಂಟ್ರೋಲ್ ಪ್ಯಾನಲ್ ತೆರೆದು ಸಿಸ್ಟಮ್ ಮಾಹಿತಿಯಲ್ಲಿ ಗರಿಷ್ಠ ಗ್ರಾಫಿಕ್ಸ್ ಪವರ್ ಎಷ್ಟೆಂದು ನೋಡಬಹುದು. ಒಂದು ನಿಮಿಷದ ಕೆಲಸ. ಮಾರುವವರು ಬೇಡ ಎಂದರೆ ಆ ಅಂಗಡಿಯೇ ಬೇಡ.

ಪ್ರೊಸೆಸರ್ ಬಗ್ಗೆ ನಮ್ಮಲ್ಲಿ ಅಗತ್ಯಕ್ಕಿಂತ ಹೆಚ್ಚು ಮೋಹವಿದೆ. “ಐ7 ಇದೆಯಾ?” ಎಂಬುದೇ ಮೊದಲ ಪ್ರಶ್ನೆ. ಈ ದರದಲ್ಲಿ ಐ5 ಅಥವಾ ರೈಜನ್ 5 ಸಾಕು. ಐ7ಗೆ ಕೊಡುವ ಹೆಚ್ಚಿನ ಹಣವನ್ನು ಕಾರ್ಡಿಗೋ ಪರದೆಗೋ ಕೊಟ್ಟರೆ ಆಟದಲ್ಲಿ ಕಣ್ಣಿಗೆ ಕಾಣುತ್ತದೆ. ಎಎಂಡಿಯ ನಾಲ್ಕಂಕಿಯ ಹೆಸರುಗಳಲ್ಲಿ ಒಂದು ಸೂಕ್ಷ್ಮವಿದೆ. 7000ದ ಸರಣಿಯಲ್ಲಿ ಮೊದಲ ಅಂಕಿ ಹೇಳುವುದು ಬಿಡುಗಡೆಯ ವರ್ಷದ ಸಂಗತಿ, ಒಳಗಿನ ವಿನ್ಯಾಸದ ತಲೆಮಾರನ್ನು ಹೇಳುವುದು ಮೂರನೆಯ ಅಂಕಿ. 7535ಎಚ್‌ಎಸ್‌ನಲ್ಲಿ ಆ ಅಂಕಿ 3, ಅಂದರೆ ಹಳೆಯ ಪೀಳಿಗೆ. 7640ಎಚ್‌ಎಸ್‌ನಲ್ಲಿ 4, ಹೊಸದು. ಹಳೆಯದೆಂದರೆ ಕೆಟ್ಟದ್ದೇನಲ್ಲ, ಹೊಸದರ ಬೆಲೆ ಕೊಡಬಾರದು ಅಷ್ಟೆ.

ಈ ದರದಲ್ಲಿ ಬಹಳ ಕಾಣಸಿಗುವ ರೈಜನ್ 7 7435ಎಚ್‌ಎಸ್ ಬಗ್ಗೆ ಬೇರೆಯಾಗಿ ಹೇಳಬೇಕು. ಅಗ್ಗ, ವೇಗ, ಎಂಟು ಕೋರ್. ಆದರೆ ಅದರೊಳಗೆ ಸ್ವಂತ ಗ್ರಾಫಿಕ್ಸ್ ಇಲ್ಲವೇ ಇಲ್ಲ. ಹಾಗಾಗಿ ವರ್ಡ್ ಕಡತ ತೆರೆದರೂ ದೊಡ್ಡ ಕಾರ್ಡೇ ಎದ್ದು ಕೂರಬೇಕು, ಬ್ಯಾಟರಿ ಬೇಗ ಬರಿದಾಗುತ್ತದೆ. ದಿನವಿಡೀ ಮೇಜಿನ ಮೇಲೆ ಚಾರ್ಜರ್‌ಗೆ ಸಿಕ್ಕಿಸಿಯೇ ಬಳಸುವವರಿಗೆ ಇದು ಒಳ್ಳೆಯ ವ್ಯಾಪಾರ. ತರಗತಿಗೆ ಒಯ್ಯುವವರಿಗೆ ದಿನವೂ ಕಿರಿಕಿರಿ.

ರ‍್ಯಾಮ್ ವಿಷಯದಲ್ಲಿ ಹಳೆಯ ಬುದ್ಧಿವಾದ ತಲೆಕೆಳಗಾಗಿದೆ. “8 ಜಿಬಿಯದು ತಗೊಳ್ಳಿ, ಆಮೇಲೆ ಎಸ್.ಪಿ. ರಸ್ತೆಗೆ ಹೋಗಿ ಇನ್ನೊಂದು 8 ಹಾಕಿಸಿ” ಎಂದು ಬೆಂಗಳೂರಿನಲ್ಲಿ ಎಲ್ಲರೂ ಹೇಳುತ್ತಿದ್ದರು, ಆಗ ಅದು ಸರಿಯಾಗಿಯೂ ಇತ್ತು. ಎಐ ಡೇಟಾ ಸೆಂಟರ್‌ಗಳು ಮೆಮೊರಿ ಚಿಪ್‌ಗಳನ್ನು ಬಾಚಿಕೊಳ್ಳತೊಡಗಿದ ಮೇಲೆ 2025ರ ಕೊನೆಯ ತಿಂಗಳುಗಳಲ್ಲಿ ರ‍್ಯಾಮ್ ಬೆಲೆ ಗಗನಕ್ಕೇರಿತು. ಕ್ರೂಷಿಯಲ್ ಹೆಸರಿನಲ್ಲಿ ನಮ್ಮಂಥವರಿಗೆ ರ‍್ಯಾಮ್, ಎಸ್‌ಎಸ್‌ಡಿ ಮಾರುತ್ತಿದ್ದ ಮೈಕ್ರಾನ್, ಆ ವ್ಯವಹಾರವನ್ನೇ ಬಿಡುವುದಾಗಿ 2025ರ ಡಿಸೆಂಬರ್‌ನಲ್ಲಿ ಘೋಷಿಸಿತು. ಆದ್ದರಿಂದ ಕೊಳ್ಳುವಾಗಲೇ 16 ಜಿಬಿ ಇರುವುದನ್ನು ನೋಡಿ. ಅದೂ 8 ಜಿಬಿಯ ಎರಡು ಪಟ್ಟಿಗಳಾಗಿದ್ದರೆ ಉತ್ತಮ, ಏಕೆಂದರೆ ಎರಡು ಚಾನಲ್‌ನಲ್ಲಿ ಡೇಟಾ ಹರಿಯುತ್ತದೆ, ಪ್ರೊಸೆಸರ್ ಕಾಯುವುದು ತಪ್ಪುತ್ತದೆ. ಒಂದೇ ಪಟ್ಟಿ ಇದೆಯೋ ಎರಡೋ ಎಂಬುದನ್ನು ವಿಂಡೋಸ್‌ನ ಟಾಸ್ಕ್ ಮ್ಯಾನೇಜರಿನ ಮೆಮೊರಿ ಪುಟವೇ ಹೇಳುತ್ತದೆ. ಎಸ್‌ಎಸ್‌ಡಿ 512 ಜಿಬಿ ಎಂದರೆ ಮೂರ‍್ನಾಲ್ಕು ದೊಡ್ಡ ಆಟಗಳ ಜಾಗ: ರೆಡ್ ಡೆಡ್ ಒಂದಕ್ಕೇ 150 ಜಿಬಿ ಬೇಕು, ಕೌಂಟರ್ ಸ್ಟ್ರೈಕ್ 2ಗೆ 85. ಇನ್ನೊಂದು ಎಸ್‌ಎಸ್‌ಡಿ ಹಾಕಲು ಖಾಲಿ ಸ್ಲಾಟ್ ಇದ್ದರೆ ಸದ್ಯಕ್ಕೆ ಚಿಂತೆಯಿಲ್ಲ.

ಪರದೆಯಲ್ಲಿ ಆಗುವಷ್ಟು ಮೋಸ ಬೇರೆಲ್ಲೂ ಆಗುವುದಿಲ್ಲ. 144 ಹರ್ಟ್ಸ್ ಎಂದು ದಪ್ಪಕ್ಷರದಲ್ಲಿ ಬರೆದಿರುತ್ತಾರೆ. ಅದು ಸುಳ್ಳಲ್ಲ, 60 ಹರ್ಟ್ಸ್‌ನ ಪರದೆ ಒಂದು ಚಿತ್ರವನ್ನು 16.7 ಮಿಲಿಸೆಕೆಂಡ್ ಹಿಡಿದಿಟ್ಟರೆ ಇದು 6.9 ಮಿಲಿಸೆಕೆಂಡಿಗೇ ಬದಲಿಸುತ್ತದೆ. ಓಡುವ ಎದುರಾಳಿಯನ್ನು ಗುರಿಯಿಡುವಾಗ ವ್ಯತ್ಯಾಸ ಕೈಗೇ ತಿಳಿಯುತ್ತದೆ. ಬರೆಯದೇ ಬಿಡುವುದು ಬಣ್ಣದ ವಿಷಯ. ಅಗ್ಗದ ಪರದೆಗಳ ವಿವರದಲ್ಲಿ ಸಣ್ಣಕ್ಷರದಲ್ಲಿ 45% ಎನ್‌ಟಿಎಸ್‌ಸಿ ಎಂದಿರುತ್ತದೆ. ಎಸ್‌ಆರ್‌ಜಿಬಿ ಎಂಬ ರೂಢಿಯ ಅಳತೆಯಲ್ಲಿ ಹೇಳುವುದಾದರೆ ಅದು ಬಣ್ಣಗಳ ಮೂರನೇ ಎರಡು ಪಾಲಿನಷ್ಟೂ ಆಗುವುದು ಕಷ್ಟ. ಕೆಂಪು ಬಣ್ಣ ಕಿತ್ತಳೆಯತ್ತ ವಾಲುತ್ತದೆ, ಹುಲ್ಲು ಒಣಗಿದಂತೆ ಕಾಣುತ್ತದೆ. ಜೊತೆಗೆ 250 ನಿಟ್ಸ್ ಬೆಳಕು, ಕಿಟಕಿಯ ಪಕ್ಕ ಕುಳಿತರೆ ಪರದೆಯಲ್ಲಿ ನಿಮ್ಮ ಮುಖವೇ ಕಾಣುತ್ತದೆ.

ಒಂದೇ ಮಾದರಿ ಹೆಸರಿನಲ್ಲಿ ಒಳ್ಳೆಯ ಪರದೆಯದೂ ಕೆಟ್ಟದ್ದೂ ಎರಡೂ ಮಾರಾಟಕ್ಕಿರುವುದುಂಟು, ನಡುವಿನ ಬೆಲೆಯ ಅಂತರ ಕೆಲವೇ ಸಾವಿರ. ಹಾಗಾಗಿ ವಿಕ್ಟಸ್, ಟಫ್, ಲೋಕ್, ನೈಟ್ರೊ ಎಂಬ ಕರೆಯುವ ಹೆಸರಿಗಿಂತ ಡಬ್ಬಿಯ ಮೇಲಿನ ಉದ್ದದ ಮಾದರಿ ಸಂಖ್ಯೆಯೇ ಮುಖ್ಯ. ಎಚ್‌ಪಿ ವಿಕ್ಟಸ್ 15ರಲ್ಲಿ ‘ಎಫ್‌ಎ’ ಎಂದರೆ ಇಂಟೆಲ್, ‘ಎಫ್‌ಬಿ’ ಎಂದರೆ ಎಎಂಡಿ. ಏಸಸ್ ಟಫ್‌ನಲ್ಲಿ ‘ಎಫ್‌ಎಕ್ಸ್’ ಇಂಟೆಲ್, ‘ಎಫ್‌ಎ’ ಎಎಂಡಿ. ಯೂಟ್ಯೂಬ್‌ನಲ್ಲಿ ಹೊಗಳಿದ್ದು ಒಂದು ಸಂಖ್ಯೆಯನ್ನು, ರಿಯಾಯಿತಿಯಲ್ಲಿ ಸಿಗುತ್ತಿರುವುದು ಇನ್ನೊಂದು ಎಂಬುದು ತೀರಾ ಸಾಮಾನ್ಯ. ಪೂರ್ತಿ ಸಂಖ್ಯೆಯನ್ನು ಬರೆದುಕೊಂಡು ಹುಡುಕಿ. ಹುಡುಕುವಾಗ ನೂರು ಪ್ರತಿಶತ ಎಸ್‌ಆರ್‌ಜಿಬಿ, 300 ನಿಟ್ಸ್, ಮತ್ತು ಮಕ್ಸ್ ಸ್ವಿಚ್ ಈ ಮೂರರ ಮೇಲೆ ಕಣ್ಣಿರಲಿ. ಮಕ್ಸ್ ಸ್ವಿಚ್ ಇದ್ದರೆ ಕಾರ್ಡು ಚಿತ್ರವನ್ನು ನೇರವಾಗಿ ಪರದೆಗೆ ಕಳಿಸುತ್ತದೆ, ಇಲ್ಲದಿದ್ದರೆ ಪ್ರೊಸೆಸರಿನ ಗ್ರಾಫಿಕ್ಸ್ ಮೂಲಕ ಸುತ್ತಿ ಹೋಗಬೇಕು, ವೇಗ ಒಂದಿಷ್ಟು ಸೋರುತ್ತದೆ.

ವಿದೇಶಿ ವಿಮರ್ಶೆಗಳು ಹೇಳದ ಕೆಲವು ವಿಷಯಗಳು ನಮ್ಮೂರಿನವು. ಹವಾನಿಯಂತ್ರಿತ ಕೋಣೆಯಲ್ಲಿ ಪರೀಕ್ಷಿಸಿದ ಲ್ಯಾಪ್‌ಟಾಪ್ ಮೇ ತಿಂಗಳ ರಾಯಚೂರಿನಲ್ಲಿ, ಕಲಬುರಗಿಯಲ್ಲಿ ಹಾಗೆಯೇ ಓಡುವುದಿಲ್ಲ. ಹೊರಗೆ 40 ಡಿಗ್ರಿ ದಾಟಿದ್ದರೆ ಫ್ಯಾನು ಒಳಗೆಳೆದುಕೊಳ್ಳುವುದು ಆ ಬಿಸಿಗಾಳಿಯನ್ನೇ. ಪ್ರೊಸೆಸರ್ 95–100 ಡಿಗ್ರಿ ಮುಟ್ಟಿದ ಕೂಡಲೇ ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ಇಳಿಸುತ್ತದೆ. ಆದ್ದರಿಂದ ಉತ್ತರ ಕರ್ನಾಟಕದವರು ಚೆಂದಕ್ಕೆ ಮಾರುಹೋಗದೆ ದಪ್ಪ ಮೈಯ, ಹಿಂದೆ ಅಗಲ ಕಿಂಡಿಗಳಿರುವ ಲ್ಯಾಪ್‌ಟಾಪನ್ನೇ ಆರಿಸುವುದು ಲೇಸು. ಹಾಸಿಗೆಯ ಮೇಲಿಟ್ಟು ಆಡುವುದಂತೂ ಕೂಡದು, ಕೆಳಗಿನ ಕಿಂಡಿ ಮುಚ್ಚಿಹೋಗುತ್ತದೆ.

ಚಾರ್ಜರಿನ ಪಿನ್ನು ಮತ್ತೊಂದು. ಹೆಚ್ಚು ವ್ಯಾಟ್‌ನ ಕೆಲವು ಚಾರ್ಜರ್‌ಗಳು ನಮ್ಮ ದೇಶದಲ್ಲಿ 16 ಆಂಪಿಯರ್‌ನ ದಪ್ಪ ಪಿನ್ನಿನೊಡನೆ ಬರುತ್ತವೆ, ಗೀಸರಿಗೋ ಫ್ರಿಜ್ಜಿಗೋ ಹಾಕುವಂಥದ್ದು. ಹಾಸ್ಟೆಲ್ ಕೋಣೆಯಲ್ಲಿ, ಪಿಜಿಯಲ್ಲಿ ಹಾಸಿಗೆಯ ಪಕ್ಕ ಇರುವುದು 6 ಆಂಪಿಯರ್‌ನ ಸಣ್ಣ ಸಾಕೆಟ್. ಅಷ್ಟು ದುಡ್ಡು ಕೊಟ್ಟು ತಂದ ಯಂತ್ರವನ್ನು ಮೊದಲ ರಾತ್ರಿ ಎಲ್ಲಿ ಸಿಕ್ಕಿಸುವುದೆಂದು ತಿಳಿಯದೆ ಕೂರಬೇಕಾಗುತ್ತದೆ. ಚಾರ್ಜರ್ ಇಲ್ಲದೆ ಆಡುತ್ತೇನೆಂದರೆ ಆಗದು: ಬ್ಯಾಟರಿಯಲ್ಲಿ ಕಾರ್ಡಿಗೆ ಪೂರ್ಣ ವ್ಯಾಟ್ ಸಿಗುವುದೇ ಇಲ್ಲ. ಕರೆಂಟು ಹೋದಾಗ ಆಟ ಮುಂದುವರಿಯುತ್ತದೆಂದು ನೆಚ್ಚಿಕೊಳ್ಳಬೇಡಿ, ತೆವಳುತ್ತದೆ. ತೂಕದ ಬಗ್ಗೆಯೂ ಯೋಚಿಸಿ. ಎರಡೂಕಾಲು ಕೆಜಿಯ ಲ್ಯಾಪ್‌ಟಾಪ್, ಇಟ್ಟಿಗೆಯಂಥ ಚಾರ್ಜರ್, ಎರಡೂ ಸೇರಿ ಕೆಎಸ್‌ಆರ್‌ಟಿಸಿ ಬಸ್ಸಿನಲ್ಲಿ ತೊಡೆಯ ಮೇಲಿರಬೇಕು.

ಹಾಗಾದರೆ ಡೆಸ್ಕ್‌ಟಾಪೇ ಏಕಾಗಬಾರದು? ಅದೇ ದುಡ್ಡಿಗೆ ಡೆಸ್ಕ್‌ಟಾಪ್ ಹೆಚ್ಚು ಶಕ್ತಿಯದು, ತಣ್ಣಗಿರುವುದು, ಮುಂದೆ ಕಾರ್ಡ್ ಬದಲಿಸಬಹುದಾದದ್ದು. ಮನೆಯಿಂದಲೇ ಕಾಲೇಜಿಗೆ ಹೋಗುವವರಿಗೆ ನನ್ನ ಮತ ಅದಕ್ಕೇ. ಬರೀ ಆಟವೇ ಉದ್ದೇಶವಾದರೆ ಪಿಎಸ್5 ಇದೆ, 2024ರ ಏಪ್ರಿಲ್‌ನಲ್ಲಿ ಅದರ ಸ್ಲಿಮ್ ಮಾದರಿ ಭಾರತಕ್ಕೆ ಬಂದಾಗ ಡಿಸ್ಕ್ ಇರುವುದಕ್ಕೆ 54,990 ರೂಪಾಯಿ ಇತ್ತು. ಆದರೆ ಆಟಗಳು ದುಬಾರಿ, ಅದರಲ್ಲಿ ಅಸೈನ್‌ಮೆಂಟ್ ಬರೆಯಲಾಗದು. ಪಿಸಿಯಲ್ಲಿ ಸ್ಟೀಮ್ ತಾಣ 2015ರಿಂದ ರೂಪಾಯಿಯಲ್ಲೇ ಬೆಲೆ ಹಾಕುತ್ತದೆ, ರಿಯಾಯಿತಿಯಲ್ಲಿ ಹಳೆಯ ದೊಡ್ಡ ಆಟಗಳು ನೂರಾರು ರೂಪಾಯಿಗೇ ಸಿಗುತ್ತವೆ. ಎಪಿಕ್ ಆಗಾಗ ಪುಕ್ಕಟೆ ಆಟ ಕೊಡುತ್ತದೆ, 2020ರ ಮೇ ತಿಂಗಳಲ್ಲಿ ಜಿಟಿಎ 5 ಅನ್ನೇ ಕೊಟ್ಟಿತ್ತು. ಹಾಸ್ಟೆಲಿನವರಿಗೆ ಕೊನೆಗೂ ಲ್ಯಾಪ್‌ಟಾಪೇ ಗತಿ.

ಕೊಳ್ಳುವ ಕಾಲ ದಸರಾ–ದೀಪಾವಳಿಯ ಆನ್‌ಲೈನ್ ಸಂತೆ. ಅಲ್ಲಿ ಎಂಆರ್‌ಪಿಗೆ ಅಡ್ಡಗೆರೆ ಎಳೆದು ತೋರಿಸುವ ಪ್ರತಿಶತಕ್ಕೆ ಬೆಲೆಯಿಲ್ಲ, ಕಳೆದ ತಿಂಗಳು ಅದೇ ಮಾದರಿ ಸಂಖ್ಯೆ ಎಷ್ಟಿತ್ತು ಎಂಬುದೇ ಲೆಕ್ಕ. ನೋ ಕಾಸ್ಟ್ ಇಎಂಐ ಎಂಬ ಮಾತಿಗೂ ಕಿವಿಗೊಟ್ಟು ಕೇಳಿ. ಶೂನ್ಯ ಬಡ್ಡಿಯ ಇಎಂಐ ಕೂಡದೆಂದು ರಿಸರ್ವ್ ಬ್ಯಾಂಕ್ 2013ರಲ್ಲೇ ಹೇಳಿದೆ. ಈಗ ನಡೆಯುವುದು, ಬಡ್ಡಿಯಷ್ಟು ಹಣವನ್ನು ರಿಯಾಯಿತಿಯಾಗಿ ಕಳೆದು ತೋರಿಸಿ ಬ್ಯಾಂಕು ಬಡ್ಡಿ ವಸೂಲು ಮಾಡುವ ಪದ್ಧತಿ. ಆ ಬಡ್ಡಿಯ ಮೇಲೆ 18% ಜಿಎಸ್‌ಟಿ, ಸಾಮಾನ್ಯವಾಗಿ ಒಂದು ಪ್ರೊಸೆಸಿಂಗ್ ಶುಲ್ಕ, ಎರಡೂ ನಿಮ್ಮ ತಲೆಗೇ. ಒಟ್ಟು ಮೊತ್ತದಿಂದ ಐದಾರು ಸಾವಿರ ಬದಿಗಿಡಿ: ಮೌಸ್ ಇಲ್ಲದೆ ಶೂಟಿಂಗ್ ಆಟ ಆಗುವುದಿಲ್ಲ, ಹೆಡ್‌ಸೆಟ್ ಇಲ್ಲದಿದ್ದರೆ ರೂಮ್‌ಮೇಟ್ ಸುಮ್ಮನಿರುವುದಿಲ್ಲ. ಆಟವೆಂದರೆ ಹಣ ಕಟ್ಟುವುದೇ ಎಂದು ಹೆದರುವ ಹಿರಿಯರಿಗೆ ಒಂದು ಮಾತು. 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆ ನಿಷೇಧಿಸಿರುವುದು ಹಣ ಪಣಕ್ಕಿಡುವ ಆಟಗಳನ್ನು, ಇ-ಸ್ಪೋರ್ಟ್ಸ್‌ಗೆ ಅದೇ ಕಾಯ್ದೆ ಮನ್ನಣೆ ಕೊಟ್ಟಿದೆ.

ಹೊಸದರ ಬಜೆಟ್ 55 ಸಾವಿರ ದಾಟುವುದೇ ಇಲ್ಲ ಎನ್ನುವವರು 2050ರ ಹೊಸ ಡಬ್ಬಿ ಬಿಡಿಸುವ ಬದಲು ಬಳಸಿದ 3060 ಹುಡುಕುವುದು ಮೇಲು. ಲ್ಯಾಪ್‌ಟಾಪಿನ 3060ಯಲ್ಲಿ 6 ಜಿಬಿ ಮೆಮೊರಿ, 3840 ಕೋರ್‌ಗಳು, ಇಂದಿಗೂ ತಾಕತ್ತಿನ ಕಾರ್ಡು. ಬ್ಯಾಟರಿ ವರದಿ ತೆಗೆಸಿ ಮೂಲ ಸಾಮರ್ಥ್ಯದಲ್ಲಿ ಎಷ್ಟು ಉಳಿದಿದೆ ನೋಡಿ, ಪರದೆಯ ಕೀಲು ಅಲ್ಲಾಡಿಸಿ, ಅರ್ಧ ಗಂಟೆ ಆಟ ಓಡಿಸಿ, ಮೂಲ ಬಿಲ್ಲು ಕೇಳಿ. ಬಿಲ್ಲಿಲ್ಲದ್ದನ್ನು ಮುಟ್ಟಬೇಡಿ.

ಹೊಸದೇ ಆದರೆ ನನ್ನ ಆಯ್ಕೆ ಇದು: ತೊಂಬತ್ತು ವ್ಯಾಟ್‌ಗೆ ಕಡಿಮೆಯಿರದ 4050, ಹದಿನಾರು ಜಿಬಿ ರ‍್ಯಾಮ್, ಬಣ್ಣ ಸರಿಯಿರುವ ಪರದೆ, ಯಾವುದಾದರೂ ಐ5 ಅಥವಾ ರೈಜನ್ 5. ಹತ್ತು-ಹನ್ನೆರಡು ಸಾವಿರ ಹೆಚ್ಚು ಹೊಂದಿಸಬಲ್ಲವರು 8 ಜಿಬಿಯ 5050ಗೆ ಹೋಗಲಿ, ಐ7ಗೆ ಹೋಗುವುದು ಬೇಡ. ಕಂಪನಿ ಯಾವುದೆಂಬುದಕ್ಕಿಂತ ಅದರ ಸರ್ವಿಸ್ ಸೆಂಟರ್ ನಿಮ್ಮೂರಿನಿಂದ ಎಷ್ಟು ದೂರ, ಮನೆಗೇ ಬಂದು ರಿಪೇರಿ ಮಾಡುವ ವಾರಂಟಿ ಇದೆಯೇ ಎಂದು ಮೊದಲು ವಿಚಾರಿಸಿ. ಡಬ್ಬಿ ಬಿಚ್ಚುವುದನ್ನು ಫೋನಿನಲ್ಲಿ ಚಿತ್ರೀಕರಿಸಿ. ಆನ್‌ಲೈನ್‌ನಲ್ಲಿ ಬದಲಿ ಕೇಳಲು ಸಿಗುವ ಅವಧಿ ಸಾಮಾನ್ಯವಾಗಿ ಒಂದು ವಾರ, ಹತ್ತು ದಿನ. ಹಾಗಾಗಿ ತಂದ ದಿನವೇ ಇರುವುದರಲ್ಲಿ ಅತಿ ಭಾರದ ಆಟ ಹಾಕಿ, ಮಧ್ಯಾಹ್ನದ ಬಿಸಿಲಿನ ಹೊತ್ತಿನಲ್ಲಿ ಎರಡು ಗಂಟೆ ಬಿಡದೆ ಓಡಿಸಿ ನೋಡಿ. ದೋಷ ಕಂಡೂ ಮಾರಿದವರು ಜಾರಿಕೊಂಡರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915.